ಅಪ್ಪಣೆಯ ದಾರಿ

1

ಎಂ.ಎ. ಓದುತ್ತಿದ್ದಾಗ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಶಿವಮೊಗ್ಗ ಜಿಲ್ಲೆಯ ಜನಗಣತಿ ಕೈಪಿಡಿ ಕೈಗೆ ಸಿಕ್ಕಿತು. 2011ರದ್ದು. ಹುಡುಕಲು ಹೋದದ್ದು ಬೇರೇನೋ. ಆದರೆ ಎಲ್ಲರೂ ಮಾಡುವ ಹಾಗೆ ನಾನೂ ಮೊದಲು ನಮ್ಮೂರು ಎಲ್ಲಿದೆ ಅಂತ ನೋಡಿದೆ. ಹೊಸನಗರ ತಾಲ್ಲೂಕಿನ ಪಟ್ಟಿಯಲ್ಲಿ ಅದಕ್ಕೊಂದು ಸಾಲು ಇತ್ತು. ಮನೆಗಳೆಷ್ಟು, ಜನ ಎಷ್ಟು, ಪರಿಶಿಷ್ಟ ಜಾತಿಯವರು ಎಷ್ಟು. ಇನ್ನೊಂದು ಪಟ್ಟಿಯಲ್ಲಿ ಶಾಲೆ, ಅಂಚೆ, ಬಸ್ಸು, ರಸ್ತೆ. ಸರ್ವಋತು ರಸ್ತೆ ಇದೆಯೇ ಎಂಬ ಅಂಕಣದ ಕೆಳಗೆ ನಮ್ಮೂರಿಗೆ 'ಇದೆ' ಎಂದಿತ್ತು.

ಅದೇ 2011ರ ಮಳೆಗಾಲದ ಒಂದು ರಾತ್ರಿ ನಮ್ಮಜ್ಜಿಗೆ ಎದೆನೋವು ಬಂತು. ಪುಷ್ಯ ಮಳೆ ಹಿಡಿದು ಹೊಡೆಯುತ್ತಿತ್ತು. ಫೋನು ಮಾಡಿದ ಮೇಲೆ ಆಂಬುಲೆನ್ಸು ಬಂತು. ಬಂದದ್ದು ಡಾಂಬರು ರಸ್ತೆಯ ತನಕ. ಅಲ್ಲಿಂದ ನಮ್ಮ ಕೇರಿಗೆ ಗದ್ದೆಯಂಚಿನ ಮೇಲೆ ಬರಬೇಕು. ನಡುವೆ ಒಂದು ಹಳ್ಳ. ಹಳ್ಳಕ್ಕೆ ಎರಡು ಅಡಿಕೆಮರ ಜೋಡಿಸಿ ಹಾಕಿದ ಕಾಲುಸಂಕ. ಕಂಬಳಿಯ ನಾಲ್ಕು ಮೂಲೆಯನ್ನು ಬಿದಿರುಗಳಕ್ಕೆ ಕಟ್ಟಿ, ಜೋಲಿ ಮಾಡಿ, ಅಪ್ಪ ಮತ್ತು ಚಿಕ್ಕಪ್ಪಂದಿರು ಅಜ್ಜಿಯನ್ನು ಹೊತ್ತರು. ನಾನು ಬ್ಯಾಟರಿ ಹಿಡಿದು ಮುಂದೆ ನಡೆದೆ. ಸಂಕ ದಾಟಿ, ಅಂಚು ದಾಟಿ, ಜಮೀನಿನ ಯಜಮಾನರ ಮನೆಯ ಪಕ್ಕದ ದಣಪೆಯ ಹತ್ತಿರ ಬಂದಾಗ ಜೋಲಿ ನಿಂತಿತು. ಹೆಗಲ ಮೇಲೆ ಗಳ ಇದ್ದ ಹಾಗೇ ಚಿಕ್ಕಪ್ಪ ಕೂಗಿದರು: 'ಒಡೆಯಾ, ಅಮ್ಮಂಗೆ ಹುಷಾರಿಲ್ಲ, ದಾಟ್ತೀವಿ.' ಒಳಗಿಂದ ದನಿ ಬರುವ ತನಕ ಅವರು ಹೆಜ್ಜೆ ಎತ್ತಲಿಲ್ಲ.

ಯಜಮಾನರು ಬೇಡ ಎನ್ನಲಿಲ್ಲ. ಅವರೇ ದಣಪೆಯ ಗಳ ಸರಿಸಿದರು, ಕೊಡೆ ಹಿಡಿದು ರಸ್ತೆಯವರೆಗೆ ಬಂದರು. ಅವರು ಕೆಟ್ಟವರೆಂದು ನಾನು ಇಲ್ಲಿ ಹೇಳುತ್ತಿಲ್ಲ. ಅಜ್ಜಿ ಬದುಕಿದಳು, ಮತ್ತೆ ಎರಡು ಮಳೆಗಾಲ ಕಂಡಳು. ಆಸ್ಪತ್ರೆಯಿಂದ ಬಂದ ಮೇಲೆ ನಾನು ಕೇಳಿದ್ದೆ, 'ಅಜ್ಜೀ, ನಮ್ಮನೆಗೆ ದಾರಿ ಎಂತಕ್ಕೆ ಇಲ್ಲ?' ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರ ಅನ್ನಿಸಿರಬೇಕು. 'ನಮಗೆ ದಾರಿ ಯಾವಾಗಿತ್ತು ಮಗಾ? ಅಪ್ಪಣೆ ಇತ್ತು' ಅಂದಳು.

ಕೈಪಿಡಿಯ 'ಇದೆ' ಎಂಬ ಮಾತಿಗೂ ಅಜ್ಜಿಯ ಮಾತಿಗೂ ನಡುವೆ ಇರುವ ಅಂತರ ಈ ಲೇಖನದ ವಿಷಯ. ಊರಿನ ಹೆಸರು ಬರೆಯುವುದಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕಿನ ಇಂಥ ಎಷ್ಟೋ ಊರುಗಳ ಹೆಸರನ್ನು ಆ ಜಾಗದಲ್ಲಿ ಇಟ್ಟುಕೊಂಡು ಓದಬಹುದು.

2

ದಲಿತ ವಿಮರ್ಶೆ ಅಂದರೆ ಕತೆ, ಕವಿತೆ, ಕಾದಂಬರಿಗಳನ್ನು ಕೇರಿಯಿಂದ ಓದುವುದು ಎಂದು ನಾವು ತಿಳಿದಿದ್ದೇವೆ. ಗೆಜೆಟಿಯರು, ಜನಗಣತಿ ಕೈಪಿಡಿ, ಸರ್ವೆ ನಕಾಶೆ, ರಸ್ತೆ ಯೋಜನೆಯ ಸುತ್ತೋಲೆ ಇವೂ ಪಠ್ಯಗಳೇ. ಇವುಗಳಲ್ಲೂ ಯಾರೋ ಮಾತಾಡುತ್ತಾರೆ, ಯಾರೋ ಸುಮ್ಮನಿರುತ್ತಾರೆ. ಕಾದಂಬರಿಯನ್ನು ಓದಿದಷ್ಟು ಅನುಮಾನದಿಂದ ಇವನ್ನು ನಾವು ಓದಿಲ್ಲ.

ಮೈಸೂರು ಸಂಸ್ಥಾನದಲ್ಲಿ ಮೊದಲ ವ್ಯವಸ್ಥಿತ ಜನಗಣತಿ ನಡೆದದ್ದು 1871ರಲ್ಲಿ. ಅಂದಿನಿಂದ ಇಂದಿನವರೆಗೆ ಹಳ್ಳಿಗಾಡಿನ ಎಣಿಕೆಯ ಘಟಕ ಒಂದೇ: ಕಂದಾಯ ಗ್ರಾಮ. ಕಂದಾಯ ಗ್ರಾಮ ಎನ್ನುವುದು ಜನ ಕಟ್ಟಿಕೊಂಡ ಘಟಕವಲ್ಲ, ತೆರಿಗೆ ಎತ್ತಲು ಮಾಡಿಕೊಂಡ ಘಟಕ. ಬಯಲುಸೀಮೆಯಲ್ಲಿ ಅದಕ್ಕೊಂದು ಒತ್ತಾದ ಊರಿನ ರೂಪವಿದೆ. ಅಲ್ಲಿ ಊರೂ ಕಣ್ಣಿಗೆ ಕಾಣುತ್ತದೆ, ಊರಾಚೆಯ ಕೇರಿಯೂ ಕಾಣುತ್ತದೆ. ಮಲೆನಾಡಿನಲ್ಲಿ ಹಾಗಲ್ಲ. ಇಲ್ಲಿ ಕಣಿವೆಗೊಂದು ಮನೆ, ತೋಟಕ್ಕೊಂದು ಮನೆ, ನಡುವೆ ಕಾನು, ಬ್ಯಾಣ, ಸೊಪ್ಪಿನಬೆಟ್ಟ, ಹಳ್ಳ. ದೊಡ್ಡ ಹಿಡುವಳಿಯ ಮನೆಯೊಂದು ತೋಟದ ತಲೆಯಲ್ಲಿ. ಅದರ ಆಳುಗಳ ಬಿಡಾರಗಳು ಗದ್ದೆಯಾಚೆ, ಕಾಡಿನ ಅಂಚಿನಲ್ಲಿ. ಪ್ರವಾಸಿ ಬಂದು ನೋಡಿದರೆ ಎಲ್ಲವೂ ಒಂಟಿಮನೆಗಳೇ, ಎಲ್ಲವೂ ಹಸಿರೇ. ಮಲೆನಾಡಿನಲ್ಲಿ ಕೇರಿ ಇಲ್ಲ ಎಂದು ಹೇಳುವವರು ಈಗಲೂ ಇದ್ದಾರೆ. ಇದೆ, ಚದುರಿಕೊಂಡಿದೆ, ಅಷ್ಟೆ.

ಈ ಚದುರುವಿಕೆ ಕೈಪಿಡಿಯಲ್ಲಿ ಏನಾಗುತ್ತದೆ? ಗ್ರಾಮದ ಜನಸಂಖ್ಯೆ ಒಂದು ಪಟ್ಟಿಯಲ್ಲಿ, ಗ್ರಾಮದ ರಸ್ತೆ ಇನ್ನೊಂದರಲ್ಲಿ. 2011ರ ಗಣತಿಯ ಪ್ರಕಾರ ಜಿಲ್ಲೆಯ ಜನ ಸುಮಾರು 17.5 ಲಕ್ಷ; ರಾಜ್ಯದಲ್ಲಿ ಪರಿಶಿಷ್ಟ ಜಾತಿಯವರು ನೂರಕ್ಕೆ 17.15. ಇಷ್ಟು ಖಚಿತವಾಗಿ ಎಣಿಸಿದ ಸರ್ಕಾರಕ್ಕೆ ನಾವೆಷ್ಟು ಜನ ಎನ್ನುವುದು ಗೊತ್ತು. ಆ ಗ್ರಾಮದ ಯಾವ ತುದಿಯಲ್ಲಿದ್ದೇವೆ, ರಸ್ತೆ ಯಾವ ತುದಿಯಲ್ಲಿ ನಿಂತಿದೆ ಎನ್ನುವುದು ಆ ಪಟ್ಟಿಗಳಿಂದ ಗೊತ್ತಾಗುವುದಿಲ್ಲ. ಎರಡು ಅಂಕಣಗಳೂ ಸುಳ್ಳಲ್ಲ. ಅವು ಒಂದಕ್ಕೊಂದು ಭೇಟಿಯಾಗುವುದಿಲ್ಲ. ಬಸ್ಸಿನ ಅಂಕಣದಲ್ಲಿ ಬಸ್ಸಿಲ್ಲದಿದ್ದರೆ ಎಷ್ಟು ದೂರ ಎಂದು ಬರೆಯುತ್ತಾರೆ: ಐದು ಕಿಲೋಮೀಟರಿನೊಳಗೆ, ಐದರಿಂದ ಹತ್ತು, ಹತ್ತಕ್ಕೂ ಹೆಚ್ಚು. ಆ ದೂರ ಎಲ್ಲಿಂದ ಶುರುವಾಗುತ್ತದೆ? ಊರಿಂದ. ಕೇರಿಯಿಂದ ಊರಿಗಿರುವ ದೂರಕ್ಕೆ ಅಂಕಣವಿಲ್ಲ.

3

ಅಜ್ಜಿ ಹೇಳಿದ 'ಅಪ್ಪಣೆ'ಗೆ ಒಂದು ಚರಿತ್ರೆಯಿದೆ.

ಮೈಸೂರು ಗೆಜೆಟಿಯರ್ ಬರೆದ ಬಿ.ಎಲ್. ರೈಸ್ ನಗರ ಸೀಮೆಯ ಮಲೆನಾಡಿನಲ್ಲಿದ್ದ ಹೊಲೆಯ ಜೀತಗಾರರಲ್ಲಿ ಎರಡು ಬಗೆ ದಾಖಲಿಸುತ್ತಾನೆ: ಹುಟ್ಟಾಳು ಮತ್ತು ಮಣ್ಣಾಳು. ಹುಟ್ಟಾಳು ಒಡೆಯನ ಮನೆಗೆ ಹುಟ್ಟಿನಿಂದ ಸೇರಿದವನು. ಮಣ್ಣಾಳು ಮಣ್ಣಿಗೆ ಸೇರಿದವನು. ಜಮೀನು ಮಾರಿದರೆ ಅವನೂ ಜಮೀನಿನ ಜೊತೆ ಮಾರಾಟ. 1843ರ ಕಾಯ್ದೆ ಕಂಪನಿ ಸರ್ಕಾರದ ಪ್ರದೇಶಗಳಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆಯನ್ನು ಕಿತ್ತುಹಾಕಿತು. ಹೆಸರು ಬದಲಾಯಿತು. ಸಾಲಕ್ಕೆ ಜೀತ, ಮದುವೆಗೆ ಜೀತ, ಅಪ್ಪನ ಜೀತಕ್ಕೆ ಮಗ ಎಂಬ ರೂಢಿ ಮುಂದುವರಿಯಿತು. ಜೀತ ಪದ್ಧತಿ ರದ್ದತಿಯ ಕಾಯ್ದೆ ಬಂದದ್ದು 1976ರಲ್ಲಿ.

ಮಣ್ಣಾಳಿಗೆ ದಾರಿ ಯಾಕೆ ಬೇಕು? ಅವನು ಇರುವುದೇ ಒಡೆಯನ ಜಮೀನಿನಲ್ಲಿ, ಹೋಗುವುದೇ ಒಡೆಯನ ಗದ್ದೆಗೆ. ಬಿಡಾರದಿಂದ ಗದ್ದೆಗೆ, ಗದ್ದೆಯಿಂದ ಕಣಕ್ಕೆ, ಕಣದಿಂದ ಬಿಡಾರಕ್ಕೆ. ಈ ಓಡಾಟ ಪೂರಾ ಒಬ್ಬನದೇ ಜಾಗದೊಳಗೆ. ಹಾಗಾಗಿ ಅದು ಸಾರ್ವಜನಿಕ ದಾರಿಯಾಗಲು ಕಾರಣವೇ ಹುಟ್ಟಲಿಲ್ಲ.

ಹಾಗಂತ ನಮ್ಮವರು ನಡೆಯಲಿಲ್ಲವೇ? ಎಲ್ಲರಿಗಿಂತ ಹೆಚ್ಚು ನಡೆದವರು ಅವರೇ. ಘಟ್ಟದ ಕೆಳಗಿನ ಉಪ್ಪು, ಒಣಮೀನು ಮೇಲೆ ಬರುತ್ತಿದ್ದ, ಘಟ್ಟದ ಮೇಲಿನ ಅಕ್ಕಿ, ಅಡಿಕೆ ಕೆಳಗಿಳಿಯುತ್ತಿದ್ದ ದಾರಿಗಳಲ್ಲಿ ಹೇರೆತ್ತುಗಳ ಜೊತೆ ಆಳುಗಳ ತಲೆಹೊರೆಯೂ ಇತ್ತು. ಹಳೇ ಮೈಸೂರಿನ ಕಡೆಯ ಕುಳವಾಡಿಯ ವಿಷಯ ಇನ್ನೂ ವಿಚಿತ್ರ. ಊರಿನ ಗಡಿ ಎಲ್ಲಿದೆ ಎನ್ನುವ ತಕರಾರು ಬಂದಾಗ ಹೊಲೆಯ ಕುಳವಾಡಿಯ ಮಾತೇ ಪ್ರಮಾಣ. ಊರಿನ ಮಣ್ಣಿನ ಉಂಡೆಯೊಂದನ್ನು ತಲೆಯ ಮೇಲೆ ಹೊತ್ತು ಅವನು ಗಡಿಗುಂಟ ನಡೆಯಬೇಕು. ಸರಿಯಾದ ಗಡಿಯಲ್ಲಿ ನಡೆದರೆ ಉಂಡೆ ಗಟ್ಟಿಯಾಗಿ ಉಳಿಯುತ್ತದೆ, ತಪ್ಪಿದರೆ ಪುಡಿಯಾಗುತ್ತದೆ ಎಂಬ ನಂಬಿಕೆ. ಮೆಕೆಂಜಿ ಎಂಬ ಬ್ರಿಟಿಷ್ ಅಧಿಕಾರಿ 1870ರ ದಶಕದಲ್ಲಿ ಇದನ್ನು ಬರೆದಿಟ್ಟಿದ್ದಾನೆ. ಊರಿನ ಅಳತೆ ಬಲ್ಲವನು ಊರೊಳಗೆ ಇರುವಂತಿಲ್ಲ.

ನಗರದ ರೈತದಂಗೆಯ ನಂತರ 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತ ಕೈಗೆ ತೆಗೆದುಕೊಂಡರು. ಕಬ್ಬನ್ ಕಮಿಷನರನಾಗಿದ್ದ ಕಾಲದಲ್ಲಿ (1834-61) ರಸ್ತೆ, ಸೇತುವೆ, ಘಾಟಿ ರಸ್ತೆಗಳ ಕೆಲಸ ದೊಡ್ಡದಾಗಿ ನಡೆಯಿತು. 1899ರಲ್ಲಿ ಶಿವಮೊಗ್ಗಕ್ಕೆ ರೈಲು ಬಂತು, 1930ರ ದಶಕದಲ್ಲಿ ಅದು ಕಾಡಿನ ನಡುವೆ ಸಾಗರದ ಕಡೆಗೆ ಹೊರಟಿತು. ಹೊಸನಗರ ತಾಲ್ಲೂಕಿಗೆ ಸಿಕ್ಕಿದ್ದು ಅರಸಾಳಿನ ನಿಲ್ದಾಣ. ತೀರ್ಥಹಳ್ಳಿಗೆ ಇಂದಿಗೂ ರೈಲಿಲ್ಲ. ಈ ದಾರಿಗಳೆಲ್ಲ ಯಾವುದೋ ಸರಕಿನ ದಾರಿಗಳು: ಕಂದಾಯದ್ದು, ಸೈನ್ಯದ್ದು, ಮರದ್ದು, ಅಡಿಕೆಯದ್ದು. ಸರಕು ಇರುವಲ್ಲಿಗೆ ದಾರಿ ಹೋಯಿತು. ಬಿಡಾರದಲ್ಲಿ ಸರಕು ಇರಲಿಲ್ಲ. ಇದ್ದದ್ದು ಸರಕು ಹೊರುವವನು. ಕೂಗಿದರೆ ಅವನೇ ಬರುತ್ತಿದ್ದ.

4

ಮಲೆನಾಡಿನ ದಾರಿಯ ಬಗ್ಗೆ ಮಾತಾಡುವಾಗ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಬಿಟ್ಟು ಹೋಗಲಾಗದು. ತೀರ್ಥಹಳ್ಳಿ ಸೀಮೆಯ ಹತ್ತೊಂಬತ್ತನೆಯ ಶತಮಾನದ ಕೊನೆಯ ಕಾಲ ಅದರ ಕಾಲ. ಅದರಲ್ಲಿ ಎಲ್ಲರಿಗಿಂತ ಹೆಚ್ಚು ನಡೆಯುವವನು ಸಿಂಬಾವಿ ಹೆಗ್ಗಡೆಯವರ ಜೀತದಾಳು ಗುತ್ತಿ. ಹುಲಿಯ ಎಂಬ ನಾಯಿಯ ಜೊತೆ ಅವನು ಹಗಲೂ ರಾತ್ರಿ ಕಾಡು, ಹಳ್ಳ ದಾಟುತ್ತಾನೆ. ಮನೆಯಿಂದ ಮನೆಗೆ ಕತೆ ಹೋಗುವುದೇ ಅವನ ಕಾಲಿನ ಮೇಲೆ. ಅದೇ ಕಾದಂಬರಿಯಲ್ಲಿ ಬೆಟ್ಟಳ್ಳಿಯ ದೇವಯ್ಯ ಮಲೆನಾಡಿಗೆ ಬೈಸಿಕಲ್ಲು ತರುತ್ತಾನೆ.

ನಮ್ಮ ವಿಮರ್ಶಕರು ಬೈಸಿಕಲ್ಲನ್ನು ಆಧುನಿಕತೆಯ ಸಂಕೇತವೆಂದು ಬಹಳ ಬರೆದಿದ್ದಾರೆ. ಗುತ್ತಿಯ ನಡಿಗೆಯನ್ನು ಕಾಡಿನ ಜೊತೆಗಿನ ಒಡನಾಟವೆಂದು, ಸ್ವಚ್ಛಂದವೆಂದು ಓದುವುದೂ ಉಂಟು. ಈ ಓದು ನನಗೆ ಒಪ್ಪಿಗೆಯಾಗುವುದಿಲ್ಲ. ಗುತ್ತಿಗೆ ಕಾಡಿನ ಪ್ರತಿ ದಾರಿಯೂ ಗೊತ್ತು, ನಿಜ. ಆದರೆ ಆ ಯಾವ ದಾರಿಯೂ ಅವನದಲ್ಲ. ಅವನು ತನ್ನ ಮದುವೆಗಾಗಿ ನಡೆದ ನಡಿಗೆ ಒಡೆಯರ ಕಣ್ಣಿಗೆ ಓಡಿಹೋಗುವುದು. ಒಡೆಯರ ಕೆಲಸಕ್ಕೆ ನಡೆದರೆ ಮಾತ್ರ ಅದು ನಡಿಗೆ. ಒಂದೇ ದಾರಿ, ಒಂದೇ ಕಾಲು. ಅಪ್ಪಣೆ ಇದೆಯೋ ಇಲ್ಲವೋ ಎನ್ನುವುದರ ಮೇಲೆ ಅದರ ಅರ್ಥ ಬೇರೆಯಾಗುತ್ತದೆ. ಕುವೆಂಪು ಇದನ್ನು ಕಂಡಿದ್ದಾರೆ ಎಂಬುದೇ ನನ್ನ ಅಭಿಪ್ರಾಯ. ಕಾಣದೆ ಹೋದವರು ಓದಿದವರು.

ಗಾಡಿ ಬಂದ ಮೇಲೂ ಇದು ಬದಲಾಗಲಿಲ್ಲ ಎನ್ನಲು ಅಂಬೇಡ್ಕರ್ ಬರೆದಿಟ್ಟ ಎರಡು ಪ್ರಸಂಗಗಳು ಸಾಕು. 1901ರಲ್ಲಿ ಬಾಲಕ ಭೀಮರಾವ್ ಅಪ್ಪನನ್ನು ಕಾಣಲು ಹೋಗುವಾಗ ಮಸೂರು ರೈಲು ನಿಲ್ದಾಣದಿಂದ ಮುಂದೆ ಒಯ್ಯಲು ಎತ್ತಿನಗಾಡಿಯವನು ಒಪ್ಪಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು ಮಕ್ಕಳೇ ಗಾಡಿ ಹೊಡೆದರು, ಗಾಡಿಯವನು ಪಕ್ಕದಲ್ಲಿ ನಡೆದು ಬಂದ. 1929ರಲ್ಲಿ ಚಾಳೀಸ್‌ಗಾಂವ್‌ನಲ್ಲಿ ಟಾಂಗಾದವರು ಅಸ್ಪೃಶ್ಯನನ್ನು ಕೂರಿಸಿಕೊಂಡು ಹೊಡೆಯಲು ಒಪ್ಪದೆ, ಅಭ್ಯಾಸವಿಲ್ಲದ ಕೇರಿಯವನೇ ಹೊಡೆದು, ಟಾಂಗಾ ಅಪಘಾತವಾಗಿ ಬಾಬಾಸಾಹೇಬರ ಕಾಲು ಮುರಿಯಿತು. ಆಗ ಅವರು ಬ್ಯಾರಿಸ್ಟರ್. ಇದಕ್ಕೆ ಐದು ವರ್ಷ ಮೊದಲು, 1924ರಲ್ಲಿ, ವೈಕಂನಲ್ಲಿ ಸತ್ಯಾಗ್ರಹ ಶುರುವಾದದ್ದು ದೇವಸ್ಥಾನದ ಒಳಗೆ ಹೋಗಲು ಅಲ್ಲ, ಅದರ ಸುತ್ತಲಿನ ರಸ್ತೆಗಳಲ್ಲಿ ನಡೆಯಲು. 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಹಳ್ಳಿಯನ್ನು ಹೊಗಳುವವರ ವಿರುದ್ಧ ಅಂಬೇಡ್ಕರ್ ಕಟುವಾಗಿ ಮಾತಾಡಿದ್ದು ಪುಸ್ತಕ ಓದಿ ಅಲ್ಲ.

5

ಈಗ ನಮ್ಮ ಕಡೆಯ ಚಳವಳಿಗೆ ಬರುತ್ತೇನೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಅಳತೆಯ ಕೊಳಗದ ಮೋಸದ ವಿರುದ್ಧ ನಿಂತರು. ಎಚ್. ಗಣಪತಿಯಪ್ಪನವರು ಮುಂದೆ ನಿಂತ ಆ ಸತ್ಯಾಗ್ರಹಕ್ಕೆ ಸಮಾಜವಾದಿಗಳು ಸೇರಿದರು, ಲೋಹಿಯಾ ಬಂದು ಬಂಧನಕ್ಕೊಳಗಾದರು. ಅದರ ಕಾವು 1974ರ ಭೂಸುಧಾರಣೆ ತಿದ್ದುಪಡಿಯವರೆಗೆ ಮುಟ್ಟಿತು. ಉಳುವವನೇ ಒಡೆಯನಾದ. ಇದು ಸಣ್ಣ ಮಾತಲ್ಲ. ದೀವರು ಮತ್ತಿತರ ಗೇಣಿ ರೈತರು ತಲೆಯೆತ್ತಿ ನಿಂತದ್ದು ಇದರಿಂದ.

ಆದರೆ ಕಾಯ್ದೆಯ ಕಣ್ಣಿನಲ್ಲಿ ಉಳುವವನು ಅಂದರೆ ಗೇಣಿದಾರ. ಗೇಣಿ ಚೀಟಿಯೋ, ಪಹಣಿಯಲ್ಲಿ ಹೆಸರೋ, ಸಾಕ್ಷಿಯೋ ಇದ್ದರೆ ಏಳನೇ ನಂಬರಿನ ಫಾರಂ ತುಂಬಬಹುದು. ಜೀತದವನಿಗೆ ಗೇಣಿ ಎಲ್ಲಿತ್ತು? ಅವನು ಉತ್ತದ್ದು ಹೌದು, ಗೇಣಿದಾರನಾಗಿ ಅಲ್ಲ, ಆಳಾಗಿ. ಹೆಚ್ಚೆಂದರೆ ಗುಡಿಸಲು ಕಟ್ಟಿಕೊಂಡ ಜಾಗ ಅವನದಾಯಿತು. ಬಿಡಾರ ನಮ್ಮದಾಯಿತು, ಸುತ್ತಲಿನ ಗದ್ದೆ, ತೋಟ ಹಳೇ ಒಡೆಯರದೋ ಹೊಸ ಒಡೆಯರದೋ ಆಗಿ ಉಳಿಯಿತು. ಮನೆ ಸಿಕ್ಕಿತು, ಮನೆಗೆ ದಾರಿ ಸಿಗಲಿಲ್ಲ. ಮೊದಲು ಒಡೆಯನ ಜಾಗದಲ್ಲಿ ಓಡಾಡುವ ಆಳಾಗಿದ್ದವನು ಈಗ ಇನ್ನೊಬ್ಬರ ಜಾಗ ದಾಟಿ ಹೋಗಬೇಕಾದ ನೆರೆಯವನಾದ.

ಕಾನೂನು ಏನು ಹೇಳುತ್ತದೆ? 1882ರ ಈಸ್‌ಮೆಂಟ್ಸ್ ಕಾಯ್ದೆಯ ಪ್ರಕಾರ ಇನ್ನೊಬ್ಬರ ಜಮೀನಿನಲ್ಲಿ 20 ವರ್ಷ ಬಹಿರಂಗವಾಗಿ, ಅಡ್ಡಿಯಿಲ್ಲದೆ, ಹಕ್ಕೆಂದು ನಡೆದುಕೊಂಡಿದ್ದರೆ ಆ ದಾರಿ ಹಕ್ಕಾಗುತ್ತದೆ. ಹಕ್ಕೆಂದು ನಡೆಯಬೇಕು, ಅನುಮತಿ ಪಡೆದು ನಡೆದರೆ ಎಷ್ಟು ವರ್ಷವಾದರೂ ಹಕ್ಕು ಹುಟ್ಟುವುದಿಲ್ಲ. ಇದನ್ನು ಮೊದಲ ಸಲ ಓದಿದ ದಿನ ನನಗೆ ದಣಪೆಯ ಮುಂದೆ ನಿಂತ ಚಿಕ್ಕಪ್ಪ ನೆನಪಾದರು. 'ಒಡೆಯಾ, ದಾಟ್ತೀವಿ' ಎಂಬ ವಿನಯದ ಮಾತು ಕೋರ್ಟಿನಲ್ಲಿ ನಮ್ಮ ವಿರುದ್ಧದ ಸಾಕ್ಷಿ. ಇನ್ನೂರು ವರ್ಷ ನಡೆದ ದಾರಿ ಇನ್ನೂರು ವರ್ಷದ ಅಪ್ಪಣೆಯಾಗಿ ಉಳಿದದ್ದು ಹೀಗೆ. ಬೇರೆ ದಾರಿಯೇ ಇಲ್ಲದವರಿಗೆ ಅದೇ ಕಾಯ್ದೆಯಲ್ಲಿ ಅವಶ್ಯಕತೆಯ ದಾರಿ ಎಂಬುದೊಂದು ಉಂಟು. ಅದನ್ನು ಕೇಳಬೇಕಾದರೆ ದಾವೆ ಹೂಡಬೇಕು, ನಾಳೆ ಕೂಲಿಗೆ ಕರೆಯುವವರ ಮೇಲೇ. 1989ರ ದೌರ್ಜನ್ಯ ತಡೆ ಕಾಯ್ದೆ ಸಾರ್ವಜನಿಕ ಜಾಗಕ್ಕೆ ಹೋಗುವ ರೂಢಿಯ ಹಕ್ಕನ್ನು ತಡೆಯುವುದು ಅಪರಾಧ ಎಂದಿತು. ಅಲ್ಲೂ ರೂಢಿಯ ಹಕ್ಕು ಇತ್ತೆಂದು ತೋರಿಸಬೇಕಾದವರು ನಾವೇ.

ಇದೇ ಜಿಲ್ಲೆಯ ಭದ್ರಾವತಿಯಲ್ಲಿ ಮೇಷ್ಟರಾಗಿದ್ದ ಬಿ. ಕೃಷ್ಣಪ್ಪನವರು ದಲಿತ ಸಂಘರ್ಷ ಸಮಿತಿ ಕಟ್ಟಿದ 1970ರ ದಶಕದಿಂದ ನಾವು ಭೂಮಿ ಕೇಳಿದ್ದೇವೆ, ಬಾವಿ ಕೇಳಿದ್ದೇವೆ, ಹೋಟೆಲಿನ ಲೋಟ ಕೇಳಿದ್ದೇವೆ. ಸ್ಮಶಾನಕ್ಕೆ ದಾರಿ ಬೇಕೆಂದು ತಾಲ್ಲೂಕು ಕಚೇರಿಗಳ ಮುಂದೆ ಕೂತಿದ್ದೇವೆ. ಸತ್ತವರಿಗೆ ಕೇಳಿದಷ್ಟು ಗಟ್ಟಿಯಾಗಿ ಬದುಕಿರುವವರಿಗೆ ದಾರಿ ಕೇಳಿದ್ದೇವೆಯೇ? ಇದನ್ನು ಆಪಾದನೆಯಾಗಿ ಕೇಳುತ್ತಿಲ್ಲ, ನನ್ನನ್ನೂ ಸೇರಿಸಿಕೊಂಡೇ ಕೇಳುತ್ತಿದ್ದೇನೆ.

6

ದಾರಿಯ ಮಾತು ಬಂದರೆ ಸಾಗರ, ಹೊಸನಗರದಲ್ಲಿ ಮುಳುಗಡೆಯ ಮಾತು ಬರಲೇಬೇಕು. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟಿನ ನೀರಿನಿಂದ ಜೋಗದಲ್ಲಿ 1948ರಲ್ಲಿ ವಿದ್ಯುತ್ ಹುಟ್ಟಿತು. 1964ರಲ್ಲಿ ಲಿಂಗನಮಕ್ಕಿ ಬಂದಾಗ ಆ ಹಳೇ ಅಣೆಕಟ್ಟೇ ಹೊಸ ನೀರಿನಲ್ಲಿ ಮುಳುಗಿತು. ಊರುಗಳು, ತೋಟಗಳು, ಗಾಡಿದಾರಿಗಳು ಕೆಳಗೆ ಹೋದವು. ಆಮೇಲೆ ಹೊಸನಗರ ತಾಲ್ಲೂಕಿಗೆ ವಾರಾಹಿ ಯೋಜನೆಯ ಮಾಣಿ, ಚಕ್ರಾ, ಸಾವೆಹಕ್ಲು ಬಂದವು. ಪರಿಹಾರದ ಲೆಕ್ಕ ನಿಂತದ್ದು ಜಮೀನಿನ ದಾಖಲೆಯ ಮೇಲೆ. ದಾಖಲೆಯೇ ಇಲ್ಲದ ಆಳಿನ ಬಿಡಾರಕ್ಕೆ ಎಷ್ಟು ಪರಿಹಾರ ಬಂದೀತು? ಪಟ್ಟೆ ಇದ್ದವರಿಗೇ ಸರಿಯಾಗಿ ಸಿಗಲಿಲ್ಲ. ಕಾಡಿನ ಜಾಗದಲ್ಲಿ ಕೂರಿಸಿದ ಸಂತ್ರಸ್ತರ ಹಕ್ಕುಪತ್ರದ ತಕರಾರು ಅರವತ್ತು ವರ್ಷವಾದ ಮೇಲೂ, 2025ರಲ್ಲೂ, ಕೋರ್ಟು ಕಚೇರಿ ಸುತ್ತುತ್ತಿತ್ತು.

ಹಿನ್ನೀರಿನಾಚೆಯ ತುಮರಿ, ಕರೂರು ಸೀಮೆಯವರು ಹೊಳೆಬಾಗಿಲಿನ ಲಾಂಚಿಗೆ ಕಾದು ಕಾದು ಎರಡು ತಲೆಮಾರು ಕಳೆದರು. ಸಂಜೆ ಲಾಂಚು ನಿಂತರೆ ಬೆಳಗಿನ ತನಕ ಆಚೆಯವರು ಆಚೆ. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ನಡುವೆ ಸುಮಾರು 2.44 ಕಿಲೋಮೀಟರಿನ ಸೇತುವೆ ತೆರೆಯಿತು. ಅವತ್ತು ನಾನೂ ಹೋಗಿ ಸೇತುವೆಯ ಮೇಲೆ ನಡೆದೆ. ಸಂತೋಷವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ರಾತ್ರಿ ಹೊತ್ತು ಹೆರಿಗೆ ನೋವು ಬಂದ ಹೆಣ್ಣುಮಗಳು ಈಗ ಲಾಂಚು ಕಾಯಬೇಕಿಲ್ಲ.

ಆದರೆ ಸೇತುವೆಯ ಲೆಕ್ಕ ಹಾಕುವಾಗ ಆಚೆ ದಡದಲ್ಲಿ ಅದು ಮುಟ್ಟುವುದು ಹೆದ್ದಾರಿಯನ್ನು ಎನ್ನುವುದನ್ನು ನೆನಪಿಡಬೇಕು. ಹೆದ್ದಾರಿಯಿಂದ ಊರಿನ ರಸ್ತೆ, ಊರಿನ ರಸ್ತೆಯಿಂದ ಗದ್ದೆಯಂಚು, ಗದ್ದೆಯಂಚಿನಿಂದ ಸಂಕ. ಎರಡೂವರೆ ಕಿಲೋಮೀಟರು ನೀರು ದಾಟುವುದಕ್ಕೆ ನೂರಾರು ಕೋಟಿ ಹಣ ಹೊಂದಿತು. ಹತ್ತಡಿ ಹಳ್ಳ ದಾಟುವುದಕ್ಕೆ ಎರಡು ಅಡಿಕೆಮರವೇ ಇರುವ ಕೇರಿಗಳು ಉಳಿದೇ ಇವೆ.

ಬಸ್ಸಿನ ಕತೆಯೂ ಹೀಗೇ. ಕೊಪ್ಪದಲ್ಲಿ ಮಾಲೀಕರು ಕೈಬಿಟ್ಟ ಸಾರಿಗೆಯನ್ನು ಕಾರ್ಮಿಕರೇ 1991ರಲ್ಲಿ ಸಹಕಾರ ಸಂಘ ಮಾಡಿ ನಡೆಸಿದರು. ತೀರ್ಥಹಳ್ಳಿ ಕಡೆಯ ಒಳದಾರಿಗಳಿಗೂ ಆ 'ಸಹಕಾರ ಸಾರಿಗೆ' ಬರುತ್ತಿತ್ತು. 2020ರಲ್ಲಿ ಅದು ನಿಂತುಹೋಯಿತು. 2023ರ ಜೂನಿನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಬಿಟ್ಟಿ ಪ್ರಯಾಣ ಬಂತು. ಮಲೆನಾಡಿನ ಒಳಊರುಗಳಿಗೆ ಬರುವುದು ಬಹುಪಾಲು ಖಾಸಗಿ ಬಸ್ಸು. ಕೂಲಿಗೆ ಹೋಗುವ ನಮ್ಮ ಹೆಂಗಸರು ಟಿಕೆಟ್ ಕೊಟ್ಟೇ ಹೋಗುತ್ತಾರೆ.

7

ಕಡೆಯದಾಗಿ ನಿಯಮಗಳ ಮಾತು. 2000ದ ಡಿಸೆಂಬರ್ 25ರಂದು ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಶುರುವಾಯಿತು. ರಸ್ತೆಯಿಲ್ಲದ ಜನವಸತಿಗಳಿಗೆ ರಸ್ತೆ ಕೊಡುವುದು ಉದ್ದೇಶ. ಸಾಮಾನ್ಯ ಪ್ರದೇಶಗಳಲ್ಲಿ ವಸತಿಗೆ 500 ಜನ ಇರಬೇಕು. ಗುಡ್ಡಗಾಡು ರಾಜ್ಯ, ಮರುಭೂಮಿ, ಐದನೇ ಅನುಸೂಚಿಯ ಬುಡಕಟ್ಟು ಪ್ರದೇಶಗಳಿಗೆ 250 ಸಾಕು. ಹಿಮಾಚಲ ಗುಡ್ಡಗಾಡು ರಾಜ್ಯ. ಕರ್ನಾಟಕ ಅಲ್ಲ. ಆಗುಂಬೆ, ಹುಲಿಕಲ್ಲಿನ ಮಳೆಯೂ ಮಲೆಯೂ ಈ ಲೆಕ್ಕಕ್ಕೆ ಬಯಲೇ. ಇಲ್ಲಿ ಕಣಿವೆಗೆ ಹತ್ತು ಮನೆ, ಕೇರಿಗೆ ಹನ್ನೆರಡು ಮನೆ. 500 ಜನರ ಕೇರಿ ಎಲ್ಲಿಂದ ತರೋಣ?

ಇನ್ನೊಂದು ಷರತ್ತು ಇದಕ್ಕಿಂತ ಸೂಕ್ಷ್ಮ. ಸರ್ವಋತು ರಸ್ತೆಯಿಂದ 500 ಮೀಟರಿಗಿಂತ ದೂರ ಇದ್ದರೆ ಮಾತ್ರ ಅದು ರಸ್ತೆಯಿಲ್ಲದ ವಸತಿ. ಗುಡ್ಡಗಾಡಿನಲ್ಲಿ ಒಂದೂವರೆ ಕಿಲೋಮೀಟರು. ಅದಕ್ಕಿಂತ ಒಳಗಿದ್ದರೆ ಅದು ಆಗಲೇ ರಸ್ತೆ ಸೇರಿದ ವಸತಿ. ನಡುವೆ ಹಳ್ಳವಿದೆಯೇ, ಬೇಲಿಯಿದೆಯೇ, ಅಪ್ಪಣೆ ಬೇಕೇ ಎಂಬುದನ್ನು ಮೀಟರು ಅಳೆಯುವುದಿಲ್ಲ. ಕೇರಿ ಎಂದರೇನು? ಊರಿಗೆ ಸೇರದಷ್ಟು ದೂರ, ಕೂಗಿದರೆ ಕೇಳುವಷ್ಟು ಹತ್ತಿರ. ಆ ಅಂತರವನ್ನು ಜಾತಿ ಗೊತ್ತುಮಾಡಿತ್ತು. ಬಹುಪಾಲು ಅದು 500 ಮೀಟರಿನೊಳಗೇ ಬರುತ್ತದೆ.

ಇದರ ಜೊತೆ 2013ರ ಪರಿಶಿಷ್ಟ ಜಾತಿ ಉಪಯೋಜನೆ, ಬುಡಕಟ್ಟು ಉಪಯೋಜನೆಯ ಕಾಯ್ದೆ ಸೇರಿಸಿ ನೋಡಿ. ನಮ್ಮ ಜನಸಂಖ್ಯೆಯ ಪಾಲಿನಷ್ಟು ಹಣ ನಮಗೇ ಖರ್ಚಾಗಬೇಕೆಂಬ ಒಳ್ಳೆಯ ಕಾಯ್ದೆ. ಅದರ 7(ಡಿ) ಕಲಮು ಮಾತ್ರ, ಎಲ್ಲರಿಗೂ ಸೇರಿದ ಮೂಲಸೌಕರ್ಯದ ಖರ್ಚಿನಲ್ಲಿ ಒಂದು ಭಾಗ ದಲಿತರಿಗೇ ಖರ್ಚಾಯಿತೆಂದು ಬರೆದುಕೊಳ್ಳಲು ಬಿಟ್ಟಿತ್ತು. ಊರಿಗೆ ಹೋದ ರಸ್ತೆಯ ಪಾಲು ಕೇರಿಯ ಲೆಕ್ಕಕ್ಕೆ. ಚಳವಳಿಯ ಒತ್ತಾಯದಿಂದ 2023ರಲ್ಲಿ ಆ ಕಲಮು ಹೋಯಿತು. ಹತ್ತು ವರ್ಷ ಕಾಗದದ ಮೇಲೆ ನಾವು ಆ ರಸ್ತೆಗಳಲ್ಲಿ ಓಡಾಡಿದ್ದಾಗಿತ್ತು.

ಕೇರಿಗೆ ರಸ್ತೆಯ ಹಣ ಬರುವುದೇ ಇಲ್ಲ ಎಂದರೆ ತಪ್ಪಾಗುತ್ತದೆ. ನಮ್ಮ ಕೇರಿಯೊಳಗೆ ಈಗ ಕಾಂಕ್ರೀಟು ರಸ್ತೆಯಿದೆ. ಹನ್ನೆರಡು ಮನೆಗಳ ಮುಂದೆ ಹಾದು, ಗದ್ದೆಯ ಬೇಲಿಗೆ ಮುಟ್ಟಿ ನಿಲ್ಲುತ್ತದೆ. ಆಚೆ ಡಾಂಬರು ರಸ್ತೆ. ನಡುವಿನ ತುಂಡು ಖಾಸಗಿ ಜಮೀನು, ನಕಾಶೆಯಲ್ಲಿ ದಾರಿಯೇ ಇಲ್ಲ, ಹಾಗಾಗಿ ಹಣ ಹಾಕಲು ಬರುವುದಿಲ್ಲ. ಇಂಜಿನಿಯರ್ ಹೇಳಿದ್ದು ನಿಯಮದ ಪ್ರಕಾರ ಸರಿಯೇ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ನಾನೂ ಚಿಕ್ಕಪ್ಪನ ಮಗಳೂ ಹಗ್ಗ ಹಿಡಿದು ಆ ತುಂಡನ್ನು ಅಳೆದೆವು. ಎರಡು ಫರ್ಲಾಂಗಿಗೆ ಸ್ವಲ್ಪ ಹೆಚ್ಚು, 500 ಮೀಟರಿಗೆ ಸ್ವಲ್ಪ ಕಡಿಮೆ. ಅವಳು ಪಿಯುಸಿ ಓದುತ್ತಿದ್ದಾಳೆ. ಮಳೆಗಾಲದಲ್ಲಿ ಸಂಕ ಮುಳುಗಿದ ದಿನ ಕಾಲೇಜಿಗೆ ಹೋಗುವುದಿಲ್ಲ. ದಣಪೆಯ ಹತ್ತಿರ ಅವಳು ನಿಲ್ಲಲೂ ಇಲ್ಲ, ಕೂಗಲೂ ಇಲ್ಲ. ಗಳ ಸರಿಸಿ ದಾಟಿದಳು. ನಾನು ಒಂದು ಕ್ಷಣ ನಿಂತೆ. ಎಂ.ಎ. ಓದಿ, ಪಾಠ ಮಾಡುವ ನನ್ನ ಕಾಲು ಅಲ್ಲಿ ತಾನಾಗಿ ನಿಂತಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು.

2021ರಲ್ಲಿ ನಡೆಯಬೇಕಿದ್ದ ಜನಗಣತಿ ನಡೆಯಲಿಲ್ಲ. 2027ರ ಮಾರ್ಚ್ 1ನ್ನು ಆಧಾರ ದಿನವಾಗಿ ಗೊತ್ತುಮಾಡಿ 2025ರ ಜೂನ್ 16ರಂದು ಅಧಿಸೂಚನೆ ಹೊರಟಿತು. ಈ ಸಲ ಎಲ್ಲರ ಜಾತಿಯನ್ನೂ ಎಣಿಸುತ್ತಾರಂತೆ. ಎಣಿಸಲಿ. ಎಷ್ಟು ಜನ ಎಂಬುದರ ಜೊತೆ ಎಲ್ಲಿದ್ದಾರೆ, ರಸ್ತೆಯಿಂದ ಎಷ್ಟು ದೂರ, ಆ ದೂರ ಯಾರ ಜಮೀನಿನ ಮೇಲೆ ಎಂಬುದೂ ಬರೆಯಲ್ಪಡಬೇಕು. ಕೇರಿಯನ್ನು ಬೇರೆಯೇ ಘಟಕವಾಗಿ ಎಣಿಸಬೇಕು. ಸರ್ಕಾರ ಬರೆಯದಿದ್ದರೆ ನಾವು ಬರೆಯೋಣ. ಇದಕ್ಕೆ ಬೇಕಾದ್ದು ಒಂದು ಹಗ್ಗ, ಒಂದು ನೋಟ್‌ಬುಕ್ಕು, ಸರ್ವೆ ನಕಾಶೆಯ ಒಂದು ಪ್ರತಿ. ಪ್ರತಿ ತಾಲ್ಲೂಕಿನಲ್ಲಿ ನಮ್ಮ ವಿದ್ಯಾರ್ಥಿಗಳಿದ್ದಾರೆ. ಆ ಪಟ್ಟಿ ಹಿಡಿದು, ನಡುವಿನ ತುಂಡುಗಳನ್ನು ಸರ್ಕಾರವೇ ಸ್ವಾಧೀನ ಮಾಡಿಕೊಂಡು ನಕಾಶೆಗೆ ಏರಿಸಬೇಕೆಂದು ಕೇಳೋಣ. ಒಬ್ಬೊಬ್ಬ ಯಜಮಾನನ ಒಳ್ಳೆಯತನದ ಮೇಲೆ ಈ ವಿಷಯವನ್ನು ಬಿಡಬಾರದು.

ಹಿಂದಿನ ಎಣಿಕೆಗಳಲ್ಲಿ ಮೇಷ್ಟರು ಊರ ಜಗಲಿಯಲ್ಲಿ ಕೂತು ನಮ್ಮವರನ್ನು ಕರೆಸಿ ಬರೆದುಕೊಂಡು ಹೋಗುತ್ತಿದ್ದರು ಎಂದು ಅಪ್ಪ ಹೇಳುತ್ತಾರೆ. ಮಳೆ, ಜಿಗಣೆ, ಸಂಕ ಎಂದು ಯಾರೂ ಆಕ್ಷೇಪಿಸಲಿಲ್ಲ. ಓದುಗ ಗೆಳೆಯರಲ್ಲಿ ಒಂದೇ ಕೇಳಿಕೆ. ಈ ಸಲ ಎಣಿಸುವವರು ಬಂದಾಗ ರಸ್ತೆಯ ಬದಿಯಲ್ಲೇ ವಿವರ ಹೇಳಿ ಕಳಿಸಬೇಡಿ. ಸಂಕ ದಾಟಿಸಿ, ಮನೆಯವರೆಗೆ ನಡೆಸಿಕೊಂಡು ಬನ್ನಿ. ಆಮೇಲೆ ಬರೆಯಲಿ, ರಸ್ತೆ ಇದೆಯೋ ಇಲ್ಲವೋ ಅಂತ.